ಕೊನೆಯ ಕುಳಿಗೆ ಎರಡು ಸುತ್ತು

ನನ್ನ ಸೈಕಲ್ ಅಂಗಡಿ ಎಂಟಡಿ ಅಗಲ, ಹತ್ತಡಿ ಉದ್ದ ಎಂದು ಟೇಪು ಹಿಡಿದು ಅಳೆಯುವವರು ಹೇಳುತ್ತಾರೆ. ಟೇಪಿಗೇನು ಗೊತ್ತು? ಆ ಎಂಟಡಿಯೊಳಗೆ ಮೂವತ್ತು ವರ್ಷದಲ್ಲಿ ನಾನು ರಿಪೇರಿ ಮಾಡಿದ ಸೈಕಲ್ಲುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಸಾಲು ಸಮುದ್ರಕ್ಕೆ ಹೋಗಿ ಮುಟ್ಟೀತು. ನಾನು ಕಡ್ಡಿ ಬಿಗಿದ ಚಕ್ರವನ್ನು ಒಂದು ಸಲ ಬೆರಳಲ್ಲಿ ತಿರುಗಿಸಿ, ಮನೆಗೆ ಹೋಗಿ ಉಂಡು, ಒಂದು ನಿದ್ದೆ ತೆಗೆದು ಬಂದರೂ ಅದು ತಿರುಗುತ್ತಲೇ ಇರುತ್ತದೆ. ಪಂಕ್ಚರ್ ಹುಡುಕಲು ಬೇರೆಯವರು ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾರೆ. ನಾನು ಕಿವಿಗಿಟ್ಟುಕೊಂಡರೆ ಸಾಕು, ಚುಚ್ಚಿದ ಮುಳ್ಳು ಯಾವ ಗಿಡದ್ದು ಅಂತಲೂ ಹೇಳಿಬಿಡುತ್ತೇನೆ. ಇದಕ್ಕೆಲ್ಲ ಹೊಟ್ಟೆಕಿಚ್ಚುಪಟ್ಟ ಊರಿನವರು ನನಗೆ ಬುರುಡೆ ಎಂದು ಹೆಸರಿಟ್ಟರು. ಹೆಸರು ನನಗೇನೋ ಇಷ್ಟವೇ. ಅಂಗಡಿಯ ಬೋರ್ಡಿನ ಮೇಲೆ ಬರೆಸಲೂ ಹೋಗಿದ್ದೆ, ಪೇಂಟರು ನಕ್ಕು ನಕ್ಕು ಏಣಿಯಿಂದ ಬಿದ್ದು ಆ ಕೆಲಸ ಅರ್ಧಕ್ಕೇ ನಿಂತಿತು.

ನಾನು ಬಿಟ್ಟ ರೈಲುಗಳಿಗೆಲ್ಲ ಒಂದು ಇಂಜಿನ್ನಿತ್ತು. ಅದು ಬೆಟ್ಟದ ದಾರಿಯ ಕಥೆ.

ನಮ್ಮ ಊರು ಸುಣ್ಣಕಲ್ಲಿನ ಬೆಟ್ಟದ ಬುಡದಲ್ಲಿದೆ. ಬೆಟ್ಟವೆಂದರೆ ಮೊನಚು ತುದಿಯದಲ್ಲ. ಹತ್ತಿ ಮುಗಿಸಿದರೆ ಮೇಲೆ ಹಾಸಿದ ಹಾಗೆ ಮೈಲಿಗಟ್ಟಲೆ ಬೋಳು ಬಯಲು. ಬದಿಯನ್ನು ಕಲ್ಲುಗಣಿಯವರು ತಿನ್ನುತ್ತ ಬಂದಿದ್ದಾರೆ. ಮಧ್ಯಾಹ್ನ ಎರಡಕ್ಕೆ ಸೈರನ್ ಕೂಗುತ್ತದೆ, ಆಮೇಲೆ ನೆಲ ಒಂದು ಸಲ ಗುಡುಗುತ್ತದೆ, ನನ್ನ ಅಂಗಡಿಯಲ್ಲಿ ನೇತುಹಾಕಿದ ರಿಮ್ಮುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಬೀದಿಯ ಮೇಲೆ, ಕಿಟಕಿಯ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಬಿಳಿ ಪುಡಿ. ನಮ್ಮೂರಲ್ಲಿ ಯಾರ ಕೂದಲು ನಿಜವಾಗಿ ನರೆತಿದೆ ಎಂದು ತಿಳಿಯಬೇಕಾದರೆ ಸ್ನಾನ ಮಾಡಿ ಬಂದಾಗಲೇ ನೋಡಬೇಕು.

ನನ್ನ ಕಥೆ ಹೀಗೆ. ಗಣಿಯ ಮೇಲಿನ ಗೇಟಿನಿಂದ ದಪ್ಪ ಟೈರಿನ ಗೇರ್ ಸೈಕಲ್ ಹತ್ತಿ ಹೊರಟರೆ ಮೊದಲು ಕಲ್ಲುಹಾಸಿನ ಬಯಲು. ಆಮೇಲೆ ನೆಲದೊಳಕ್ಕೆ ಮಾಯವಾಗುವ ತೊರೆ. ಆಮೇಲೆ ಒಂಟಿ ಮುಳ್ಳಿನ ಮರ, ಪಾಳು ಬಿದ್ದ ಕುರಿದೊಡ್ಡಿ. ಅಲ್ಲಿಂದ ಬೆಟ್ಟದ ಅಂಚು ಹಿಡಿದು ಎರಡು ಮೈಲಿ ಇಳಿಜಾರು. ಪೆಡಲ್ ತುಳಿಯುವ ಮಾತೇ ಇಲ್ಲ, ಗಾಳಿಯ ಹಾಗೆ ಇಳಿದು ಆಚೆ ಕಣಿವೆಯ ಊರು ಸೇರುವುದು. ಜಗತ್ತಿನಲ್ಲಿ ಇಂಥ ದಾರಿ ಇನ್ನೊಂದಿಲ್ಲ. ವರ್ಷಕ್ಕೆ ಎರಡು ಸಲ ನಾನು ತಪ್ಪದೆ ಹೋಗಿಬರುತ್ತೇನೆ.

ಹೋಗಿರಲಿಲ್ಲ. ಒಂದು ಸಲವೂ ಹೋಗಿರಲಿಲ್ಲ. ಆ ದಾರಿಯಲ್ಲಿ ಹೋಗಿಬಂದವರು ನನಗೆ ಕೆಲಸ ಕಲಿಸಿದ ಮೇಸ್ತ್ರಿ. ಅವರು ತೀರಿಕೊಂಡ ಮೇಲೆ ಕಥೆ ಅನಾಥವಾಗಬಾರದೆಂದು, ಸೀಟಿನಿಂದ ಅವರನ್ನು ಇಳಿಸಿ ನಾನು ಹತ್ತಿ ಕೂತಿದ್ದೆ, ಅಷ್ಟೆ.

ಈ ಕಥೆಯನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವರು ನನ್ನ ಭಾವ, ಅಕ್ಕನ ಗಂಡ. ಕಲ್ಲುಗಣಿಯಲ್ಲಿ ಡ್ರಿಲ್ಲರ್. ಬಂಡೆಯಲ್ಲಿ ಸಾಲಾಗಿ ಕುಳಿ ಕೊರೆಯುವುದು, ಮದ್ದು ತುಂಬುವುದು, ಎಲ್ಲರನ್ನೂ ದೂರ ಕಳಿಸಿ ಬಟನ್ ಒತ್ತುವುದು. ದಿನಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಹತ್ತು ಅಕ್ಕನಿಗೆ ಮೀಸಲು. ಪ್ರತಿ ಸಂಜೆ ಕೆಲಸ ಬಿಟ್ಟು ಬಂದು ನನ್ನ ಅಂಗಡಿಯ ಟೈರಿನ ಪೆಟ್ಟಿಗೆಯ ಮೇಲೆ ಕೂತು, ನಾನು ಗಿರಾಕಿಗಳಿಗೆ ಹೇಳುವುದನ್ನೆಲ್ಲ ಕೇಳುತ್ತಿದ್ದರು. ಒಂದು ದಿನವೂ ನಗಲಿಲ್ಲ. ಒಂದು ದಿನವೂ ಸುಳ್ಳು ಅನ್ನಲಿಲ್ಲ. ಇಡೀ ಊರಲ್ಲಿ ನನ್ನನ್ನು ನಂಬುವ ಒಂದು ಪ್ರಾಣಿಯಾದರೂ ಇದೆಯಲ್ಲ ಎಂದು ನಾನು ಹಿಗ್ಗಿಕೊಂಡಿದ್ದೆ.

ಅವರದೊಂದು ಕಸುಬಿನ ಅಭ್ಯಾಸವಿತ್ತು. ಕೊರೆಯಬೇಕಾದ ಪ್ರತಿ ಕುಳಿಯ ಜಾಗಕ್ಕೂ ಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸುತ್ತು ಹಾಕುವುದು. ಸಾಲಿನ ಕೊನೆಯ ಕುಳಿಗೆ ಮಾತ್ರ ಎರಡು ಸುತ್ತು, ಒಂದರೊಳಗೊಂದು. ಇಲ್ಲಿಗೆ ಮುಗಿಯಿತು, ಇದರಾಚೆ ಕೊರೆಯಬೇಡಿ ಅಂತ. ಬೇರೆ ಡ್ರಿಲ್ಲರುಗಳು ಹೀಗೆ ಮಾಡುತ್ತಿರಲಿಲ್ಲ, ಭಾವ ಮನೆಯಲ್ಲೂ ಬಿಡುತ್ತಿರಲಿಲ್ಲ. ಮಾತ್ರೆಯ ಪಟ್ಟಿಯಲ್ಲಿ ಕೊನೆಯ ಮಾತ್ರೆಗೆ ಎರಡು ಸುತ್ತು. ಅಕ್ಕ ಅಂಗಡಿಗೆ ಕೊಡುವ ಸಾಮಾನಿನ ಚೀಟಿಯಲ್ಲಿ ಕೊನೆಯ ಸಾಮಾನಿಗೆ ಎರಡು ಸುತ್ತು. ಅಂಗಡಿಯವನು ಅದನ್ನು ಎರಡೆರಡು ಕಟ್ಟಿ ಕೊಡುತ್ತಿದ್ದ ಎಂದು ಅಕ್ಕ ನಗುತ್ತಿದ್ದಳು.

ಕಲ್ಲಿನ ಪುಡಿ ಬಟ್ಟೆಯ ಮೇಲಷ್ಟೇ ಕೂರುವುದಿಲ್ಲ. ಮೂವತ್ತೊಂದು ವರ್ಷ ಅದನ್ನೇ ಉಸಿರಾಡಿದ ಭಾವನ ಎಕ್ಸ್‌ರೇಯನ್ನು ಡಾಕ್ಟರು ಕಿಟಕಿಗೆ ಹಿಡಿದಾಗ ನಾನೂ ಅಲ್ಲಿದ್ದೆ. ಎದೆಯೊಳಗೆ ಕಪ್ಪಗಿರಬೇಕಾದ ಜಾಗವೆಲ್ಲ ಬೆಳ್ಳಗಿತ್ತು. ಇನ್ನು ಸರಿಹೋಗುವುದಿಲ್ಲ, ನಿಧಾನವಾಗಿ ಕಡಿಮೆಯಾಗುತ್ತ ಹೋಗುತ್ತದೆ, ಮುಂದೆ ಮಲಗಲಿಕ್ಕೂ ಆಗುವುದಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಭಾವ ತಲೆಯಾಡಿಸಿದರು. ಅವರಿಗೆ ಹೊಸ ಸುದ್ದಿಯಲ್ಲ ಅದು. ಅವರ ಜೊತೆಯಲ್ಲಿ ಕೊರೆಯುತ್ತಿದ್ದ ಇನ್ನೊಬ್ಬ ಡ್ರಿಲ್ಲರ್ ಇದೇ ಕಾಯಿಲೆಯಲ್ಲಿ ಹೋಗಿದ್ದ. ಕೊನೆಕೊನೆಗೆ ಹಗಲೂ ರಾತ್ರಿ ಕುರ್ಚಿಯಲ್ಲೇ, ಮುಂದಕ್ಕೆ ಬಾಗಿ, ಮೇಜಿನ ಮೇಲೆ ದಿಂಬಿಟ್ಟು ಅದಕ್ಕೆ ಹಣೆ ಆನಿಸಿ, ಬಾಯಿ ತೆರೆದುಕೊಂಡು. ಭಾವ ಪ್ರತಿ ಭಾನುವಾರ ಹೋಗಿ ಅವನ ಪಕ್ಕ ಕೂತು ಬರುತ್ತಿದ್ದರು. ಅವನ ಹೆಂಡತಿ ಪಾತ್ರೆ ಹಿಡಿದು ನಿಂತೇ ನಿದ್ದೆ ಮಾಡುತ್ತಿದ್ದಳಂತೆ. ಅವನು ಸತ್ತ ದಿನ ಭಾವ ಅಂಗಡಿಗೆ ಬಂದು ಆಡಿದ್ದು ಎರಡೇ ಮಾತು. “ಹದಿನಾಲ್ಕು ತಿಂಗಳು. ಕುರ್ಚೀಲಿ.”

ಡಾಕ್ಟರ ಹತ್ತಿರ ಹೋಗಿಬಂದ ಮೂರನೆಯ ವಾರ ಬೆಳಿಗ್ಗೆ ಭಾವ ನನ್ನ ಅಂಗಡಿಗೆ ನಡೆದು ಬಂದರು. ಮನೆಯಿಂದ ಅಂಗಡಿಗೆ ಇನ್ನೂರು ಹೆಜ್ಜೆ, ನಡುವೆ ಮೂರು ಸಲ ಗೋಡೆ ಹಿಡಿದು ನಿಂತದ್ದನ್ನು ನಾನು ಬಾಗಿಲಿಂದ ನೋಡುತ್ತಿದ್ದೆ. ಪೆಟ್ಟಿಗೆಯ ಮೇಲೆ ಕೂತು ಉಸಿರು ತಿರುಗಿಸಿಕೊಂಡು, “ಆ ದಾರಿ ನನಗೂ ಒಂದ್ಸಲ ತೋರಿಸಿಬಿಡು” ಅಂದರು.

ನಾನೆಲ್ಲಿ ಆ ದಾರಿ ಕಂಡಿದ್ದೆ? ಆದರೆ ಬುರುಡೆ ಎಂಬ ಹೆಸರು ಸುಮ್ಮನೆ ಬರುತ್ತದೆಯೇ? ಅದಕ್ಕೇನಂತೆ ಭಾವ, ಕಣ್ಣು ಮುಚ್ಚಿಕೊಂಡು ಕರ್ಕೊಂಡು ಹೋಗ್ತೀನಿ ಎಂದುಬಿಟ್ಟೆ.

ಅವತ್ತಿನಿಂದ ಯೋಜನೆ ಶುರುವಾಯಿತು. ದಂಡಯಾತ್ರೆಗೆ ಹೊರಡುವ ಸೇನಾಪತಿ ಕೂಡ ಅಷ್ಟು ತಯಾರಿ ಮಾಡಿರಲಾರ. ಭಾವ ಗಣಿ ಕಚೇರಿಯ ಹಳೆಯ ನಕ್ಷೆಯೊಂದನ್ನು ತಂದು ನನ್ನ ಕೆಲಸದ ಮೇಜಿನ ಮೇಲೆ ಹರಡಿದರು. ಮಡಿಕೆಗಳಲ್ಲಿ ಹರಿದು, ಟೇಪು ಅಂಟಿಸಿದ್ದು. ನಾಲ್ಕು ಮೂಲೆಗೆ ನಾಲ್ಕು ಪೆಡಲ್ಲು ಭಾರ ಇಟ್ಟೆವು. ಹತ್ತುವ ಕಷ್ಟ ಬೇಡ, ಗಣಿಯ ಟಿಪ್ಪರ್ ಡ್ರೈವರು ಬೆಳಿಗ್ಗೆ ಸೈಕಲ್ಲುಗಳ ಸಮೇತ ಮೇಲಿನ ಗೇಟಿನ ತನಕ ಬಿಡುತ್ತಾನೆ ಎಂದು ಗೊತ್ತುಮಾಡಿದೆವು. ಭಾವನಿಗೆ ನಾನೇ ಒಂದು ಸೈಕಲ್ ಕಟ್ಟಿಕೊಟ್ಟೆ. ಹಗುರದ ಚೌಕಟ್ಟು, ಕಲ್ಲಿಗೆ ಜಾರದ ಅಗಲ ಟೈರು, ಬೆಣ್ಣೆಯ ಹಾಗೆ ಕೂರುವ ಗೇರು. ಅಂಥ ಸೈಕಲ್ಲನ್ನು ರಾಜರು ಬಂದು ಕೇಳಿದರೂ ಕೊಡುತ್ತಿರಲಿಲ್ಲ.

ಭಾವ ಒಂದೊಂದೇ ಕೇಳುತ್ತಿದ್ದರು, ಕೆಂಪು ಪೆನ್ಸಿಲ್ಲಲ್ಲಿ ನಕ್ಷೆಯ ಮೇಲೆ ಸುತ್ತು ಹಾಕುತ್ತಿದ್ದರು. ಕಲ್ಲುಹಾಸಿಗೆ ಒಂದು, ತೊರೆಗೆ ಒಂದು, ಮರಕ್ಕೆ ಒಂದು, ದೊಡ್ಡಿಗೆ ಒಂದು. ಇಳಿಜಾರು ಎಲ್ಲಿಂದ ಶುರುವಾಗುತ್ತದೆ, ತುಳಿಯದೆ ಹೋಗಬಹುದೇ, ತಿರುವುಗಳೆಷ್ಟು, ಎಲ್ಲ ವಿಚಾರಿಸಿದರು. ಕೇಳಿದ್ದಕ್ಕೆಲ್ಲ ನಾನು ಮೇಸ್ತ್ರಿಯ ಕಥೆಗೆ ನನ್ನ ಉಪ್ಪು ಖಾರ ಸೇರಿಸಿ ಬಡಿಸಿದೆ. ಕೊನೆಗೆ ಅಂಚಿನ ದಾರಿಯ ನಡುವೆ ಒಂದು ಜಾಗಕ್ಕೆ ಅವರು ಎರಡು ಸುತ್ತು ಹಾಕಿದರು.

ಅಲ್ಲೇನು ವಿಶೇಷ ಎಂದೆ. ಅಲ್ಲಿಂದ ನೋಟ ಚೆನ್ನಾಗಿರುತ್ತೆ ಅಂತ ನೀನೇ ಹೇಳುತ್ತಿದ್ದೆಯಲ್ಲ ಎಂದರು. ಹೌದೌದು, ಎಂದೆ ನಾನು.

ಇನ್ನೂ ಕೆಲವು ಸಣ್ಣ ವಿಷಯಗಳು ಆಗ ನನಗೆ ಸಣ್ಣವಾಗಿಯೇ ಕಂಡವು. ನೀರಿಗೆ ನಾನು ತಲಾ ಎರಡರಂತೆ ನಾಲ್ಕು ಬಾಟಲಿ ಬರೆದುಕೊಂಡರೆ, ಭಾವ ತಮ್ಮ ಹೆಸರಿನ ಮುಂದೆ ಎರಡನ್ನು ಹೊಡೆದುಹಾಕಿ ಒಂದು ಮಾಡಿದರು. ವಾಪಸ್ ಬರೋದು ಹೇಗೆ, ಆಚೆ ಊರಿಂದ ಲಾರಿ ಮಾಡೋಣವಾ ಎಂದರೆ ಆಮೇಲೆ ನೋಡೋಣ ಎಂದರು. ಮತ್ತೆ ಇನ್ನೊಂದು. “ದೊಡ್ಡಿ ದಾಟಿದ ಮೇಲೆ ನಾನು ಮುಂದೆ. ನೀನು ಐವತ್ತು ಮಾರು ಹಿಂದೆ ಬಾ. ನನ್ನ ಮುಂದೆ ಯಾರೂ ಇರಬಾರದು, ನೋಟ ಪೂರ್ತಿ ನನಗೇ ಬೇಕು” ಎಂದರು. ಭಾವನಿಗೂ ಆಸೆ ಎನ್ನುವುದಿದೆಯಲ್ಲ ಎಂದು ನನಗೆ ಸಂತೋಷವೇ ಆಯಿತು.

ಅಕ್ಕನ ಸಂತೋಷವನ್ನಂತೂ ನೋಡಲಾಗುತ್ತಿರಲಿಲ್ಲ. ಅಕ್ಕ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾಳೆ. ಎಕ್ಸ್‌ರೇ ಬಂದ ದಿನದಿಂದ ಮಷಿನ್ನಿಗೆ ಹೊದಿಕೆ ಹೊದಿಸಿಬಿಟ್ಟಿದ್ದವಳು ಈಗ ಅದನ್ನು ತೆಗೆದು, ಮೇಲೆ ಗಾಳಿ ಜೋರು ಅಂತ ಭಾವನಿಗೊಂದು ಕೋಟು ಹೊಲಿಯಲು ಕೂತಳು. ನೀಲಿ ಬಟ್ಟೆ, ಒಳಗೆ ದಪ್ಪ ಅಸ್ತರಿ, ಕುತ್ತಿಗೆ ತನಕ ಜಿಪ್ಪು. ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು. “ಮೂರು ವಾರ ಗೋಡೆ ನೋಡ್ಕೊಂಡು ಕೂತಿದ್ರು ಕಣೋ. ಈಗ ತಾವಾಗೇ ಏನೋ ಬೇಕು ಅಂದಿದಾರೆ. ನಿನ್ನ ಬಾಯಿ ಒಂದೇ ಅಲ್ಲ, ಕಾಲೂ ಓಡುತ್ತೆ ಅಂತ ಈ ಒಂದು ದಿನ ತೋರಿಸಿಬಿಡು.”

ಭಾನುವಾರ ಎಂದು ನಿಶ್ಚಯವಾಯಿತು.

ಬುಧವಾರದ ಹೊತ್ತಿಗೆ ನನಗೆ ನಿದ್ದೆ ಹೋಗಿತ್ತು. ಭಾವನ ಎದುರು ದಾರಿ ತಪ್ಪಿ, ಮಾಯವಾಗುವ ತೊರೆ ಎಲ್ಲಿ ಅಂದರೆ ತಲೆ ಕೆರೆದುಕೊಂಡು ನಿಂತರೆ ಮರ್ಯಾದೆಯ ಗತಿಯೇನು? ನನ್ನನ್ನು ನಂಬುವವರು ಇರುವುದೇ ಒಬ್ಬರು. ಅದಕ್ಕೇ ಗುರುವಾರ ಬೆಳಿಗ್ಗೆ ಅಂಗಡಿಗೆ ‘ಹತ್ತು ನಿಮಿಷದಲ್ಲಿ ಬರುತ್ತೇನೆ’ ಎಂಬ ಹಲಗೆ ತಗುಲಿಸಿ, ಯಾರಿಗೂ ಹೇಳದೆ, ಟಿಪ್ಪರಿನಲ್ಲಿ ಸೈಕಲ್ ಹಾಕಿಕೊಂಡು ಬೆಟ್ಟ ಹತ್ತಿದೆ. ಗುಟ್ಟಾಗಿ ದಾರಿ ಕಲಿತು ಬಂದು ಭಾನುವಾರ ಗತ್ತಾಗಿ ತೋರಿಸುವ ಲೆಕ್ಕಾಚಾರ.

ಹೇಳುತ್ತೇನೆ ಕೇಳಿ, ನನಗೆ ಮೊದಲು ಆದದ್ದು ಅವಮಾನ. ನಾನು ಹೇಳಿದ್ದಕ್ಕಿಂತ ಇದ್ದದ್ದೇ ದೊಡ್ಡದಾಗಿತ್ತು. ಬೂದು ಬಿಳುಪಿನ ಚಪ್ಪಡಿಗಳು ಯಾರೋ ಕೂತು ಜೋಡಿಸಿದಂತೆ ಆಕಾಶದ ತನಕ ಹಾಸಿಕೊಂಡಿದ್ದವು. ನಡುನಡುವೆ ಮೊಣಕಾಲುದ್ದ ಬಿರುಕು, ಆ ಬಿರುಕಿನೊಳಗೆ ಗಾಳಿಗೆ ಹೆದರಿ ಅಡಗಿಕೊಂಡ ಹಾಗೆ ಹಸಿರು ಜರಿಗಿಡ. ತೊರೆ ಸಿಕ್ಕಿತು. ಚೆನ್ನಾಗಿ ಹರಿದು ಬರುತ್ತಿದ್ದದ್ದು ಒಂದು ಬಾವಿಯಂಥ ತೂತಿನೊಳಕ್ಕೆ ಬಿದ್ದು, ಆಮೇಲೆ ಒಂದು ಹನಿಯೂ ಇಲ್ಲ. ಕಿವಿಗೊಟ್ಟರೆ ಎಲ್ಲೋ ಕೆಳಗೆ ಯಾರೋ ಗೊಣಗಿದ ಸದ್ದು. ಮುಳ್ಳಿನ ಮರ ಗಾಳಿಗೆ ಬೆನ್ನು ಬಾಗಿಸಿ ನಿಂತಿತ್ತು. ದೊಡ್ಡಿಯ ಕಲ್ಲುಗೋಡೆ ಸೊಂಟದ ಮಟ್ಟ ಉಳಿದಿತ್ತು. ಇದನ್ನು ನಾನು ಇಪ್ಪತ್ತು ವರ್ಷ ಎಂಟಡಿ ಅಂಗಡಿಯೊಳಗೆ ಕೂತು ಹೇಳಿದೆನಲ್ಲ, ಒಂದು ದಿನ ಎದ್ದು ಬರಬಾರದಾಗಿತ್ತೇ ಎಂದುಕೊಂಡೆ.

ದೊಡ್ಡಿ ದಾಟಿದ್ದೇ ಇಳಿಜಾರು ಶುರು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ತುಳಿಯುವುದೇ ಬೇಡ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಬೆಳಕು. ಚಕ್ರ ತಾನಾಗಿ ಓಡತೊಡಗಿತು, ಕಿವಿಯಲ್ಲಿ ಗಾಳಿ ಶಿಳ್ಳೆ ಹಾಕಿತು, ನಾನು ಚಿಕ್ಕ ಹುಡುಗನ ಹಾಗೆ ಕೂಗಿದೆ. ಬಂಡೆಯೊಂದನ್ನು ಬಳಸಿ ತಿರುಗಿದೆ.

ಮುಂದೆ ದಾರಿ ಇರಲಿಲ್ಲ.

ವಾಲಿದ ಬೇಲಿಗಂಬ ಎರಡು, ನೆಲಕ್ಕೆ ಬಿದ್ದ ತಂತಿ, ಅದರಾಚೆ ಗಾಳಿ. ನನ್ನ ಜೀವಮಾನದ ಬಡಾಯಿಗಳಲ್ಲಿ ನನ್ನ ಬ್ರೇಕಿನ ಬಗ್ಗೆ ಕೊಚ್ಚಿಕೊಂಡದ್ದೊಂದು ಮಾತ್ರ ನಿಜ. ಅದು ಹಿಡಿಯಿತು. ಮುಂದಿನ ಚಕ್ರದಿಂದ ಅಂಚಿಗೆ ಎರಡು ಹೆಜ್ಜೆ. ಸೈಕಲ್ಲನ್ನು ಅಲ್ಲೇ ಕೆಡವಿ, ಹೊಟ್ಟೆಯ ಮೇಲೆ ತೆವಳಿ ಬಗ್ಗಿ ನೋಡಿದೆ. ಆಳ ಎಷ್ಟು ಎಂದು ಬೇರೆ ದಿನ ಕೇಳಿದ್ದರೆ ಒಂದು ಮೈಲಿ ಎನ್ನುತ್ತಿದ್ದೆ. ಅವತ್ತು ಒಂದು ಕಲ್ಲು ಬಿಟ್ಟು ಎಣಿಸಿದೆ. ನಾಲ್ಕಕ್ಕೆ ಸದ್ದು ಬಂತು. ಕೆಳಗೆ ಕೆಲಸ ನಿಲ್ಲಿಸಿ ವರ್ಷಗಳಾದ ಗಣಿಯ ಬಿಳಿ ನೆಲ. ಗೋಡೆಯ ಉದ್ದಕ್ಕೂ ಕೊರೆದ ಕುಳಿಗಳ ಅರ್ಧ ಗುರುತು, ಬಾಚಣಿಗೆಯ ಹಲ್ಲಿನ ಹಾಗೆ ನೇರ, ಒಂದಕ್ಕೊಂದು ಸಮ. ಅಷ್ಟು ನೇರ ಕೊರೆಯುವ ಕೈ ನಮ್ಮೂರಲ್ಲಿ ಒಂದೇ.

ತಲೆಯೆತ್ತಿದರೆ ನನ್ನ ಮೂಗಿನ ಪಕ್ಕದಲ್ಲೇ ಬಂಡೆಯ ಮೇಲೆ ಕೆಂಪು ಬಣ್ಣ. ಮಾಸಿತ್ತು. ಒಂದರೊಳಗೊಂದು, ಎರಡು ಸುತ್ತು.

ಮೊದಲು ಹೊಳೆದದ್ದು ನನ್ನ ಮಾನದ ಚಿಂತೆಯೇ. ದಾರಿಯನ್ನು ಮದ್ದಿಟ್ಟು ಹಾರಿಸಿದ್ದು ಭಾವನೇ. ಅಂದರೆ ಇಷ್ಟು ವರ್ಷ ನಾನು ‘ಮೊನ್ನೆ ತಾನೇ ಹೋಗಿಬಂದೆ’ ಎನ್ನುವಾಗೆಲ್ಲ ಅವರು ಪೆಟ್ಟಿಗೆಯ ಮೇಲೆ ಕೂತು ಏನಂದುಕೊಳ್ಳುತ್ತಿದ್ದರು? ಆಮೇಲೆ ಒಂದು ಬಾಟಲಿ ನೀರು ನೆನಪಾಯಿತು. ದೊಡ್ಡಿ ದಾಟಿದ ಮೇಲೆ ನಾನು ಮುಂದೆ, ಎಂದು ಅವರು ಅಂದದ್ದು ನೆನಪಾಯಿತು. ತುಳಿಯದೆ ಹೋಗಬಹುದಾ ಎಂದು ಎರಡೆರಡು ಸಲ ಕೇಳಿದ್ದು. ನಕ್ಷೆಯ ಮೇಲಿನ ಎರಡು ಸುತ್ತು. ಕುರ್ಚಿ. ಆ ಇಳಿಜಾರನ್ನು ಸೈಕಲ್ ತಳ್ಳಿಕೊಂಡೇ ಹತ್ತಿ ಬಂದೆ.

ಶುಕ್ರವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಒಳಕೋಣೆಯಲ್ಲಿ ಅಕ್ಕನ ಮಷಿನ್ನು ಓಡುತ್ತಿತ್ತು. ಹೊರಕೋಣೆಯಲ್ಲಿ ಭಾವ ಮಂಚದ ತುದಿಯಲ್ಲಿ ಕೂತು, ಸೈಕಲ್ಲನ್ನು ಎದುರಿಗೆ ನಿಲ್ಲಿಸಿಕೊಂಡು ಚೈನು ಒರೆಸುತ್ತಿದ್ದರು. ನಾಲ್ಕು ಸಲ ಒರೆಸುವುದು, ಉಸಿರಿಗೆ ನಿಲ್ಲುವುದು. ಅವರ ತಲೆಯ ಮೇಲಿದ್ದ ಕ್ಯಾಲೆಂಡರಿನಲ್ಲಿ ಡಾಕ್ಟರ ದಿನಗಳಿಗೆ ಒಂದೊಂದು ಸುತ್ತು. ಭಾನುವಾರಕ್ಕೆ ಎರಡು. ಮುಂದಿನ ವಾರ ಮತ್ತೆ ಡಾಕ್ಟರನ್ನು ನೋಡಬೇಕಿತ್ತು, ಆ ದಿನಕ್ಕೆ ಸುತ್ತೇ ಇರಲಿಲ್ಲ.

“ಭಾವ, ಆ ದಾರೀಲಿ ನಾನು ಯಾವತ್ತೂ ಹೋಗಿರಲಿಲ್ಲ” ಎಂದೆ.

“ಗೊತ್ತು.”

“ನಿನ್ನೆ ಹೋಗಿದ್ದೆ.”

ಚಿಂದಿ ಬಟ್ಟೆ ನಿಂತಿತು. ಎಲ್ಲೀತನಕ ಎಂದು ಕೇಳಿದರು. ಎರಡು ಸುತ್ತಿನ ತನಕ ಎಂದೆ. ಅವರು ಬಾಗಿಲ ಕಡೆ ನೋಡಿದರು. ಮಷಿನ್ನು ಓಡುತ್ತಲೇ ಇತ್ತು.

“ಹದಿನೇಳು ವರ್ಷ ಆಯ್ತು ಅದನ್ನ ಹಾರಿಸಿ” ಎಂದರು, ತಗ್ಗಿದ ದನಿಯಲ್ಲಿ. “ಅವತ್ತೇ ಸಂಜೆ ನಿನ್ನ ಅಂಗಡಿಗೆ ಬಂದೆ. ಬೆಳಿಗ್ಗೆ ತಾನೇ ಆ ದಾರೀಲಿ ಇಳಿದು ಬಂದೆ ಅಂತ ಯಾರಿಗೋ ಹೇಳ್ತಿದ್ದೆ ನೀನು.”

“ಅಲ್ಲೇ ಹೇಳಬಾರದಾಗಿತ್ತಾ?”

“ಕೇಳೋಕೆ ಚೆನ್ನಾಗಿತ್ತು. ನಾನು ಒಡೆದು ಹಾಕಿದ್ದು, ನಿನ್ನ ಬಾಯಲ್ಲಿ ಇನ್ನೂ ಹಾಗೇ ಇತ್ತು.”

ಅಷ್ಟಕ್ಕೇ ಅವರಿಗೆ ಉಸಿರು ಸಾಲದಾಯಿತು. ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಭುಜ ಎತ್ತಿ ಎತ್ತಿ ಗಾಳಿ ಎಳೆದುಕೊಂಡರು. ಹಾಗಾದರೆ ನನ್ನನ್ನೇ ಯಾಕೆ ಕೇಳಿದಿರಿ ಎಂದೆ.

“ಬೇರೆ ಯಾರನ್ನ ಕೇಳಿದ್ರೂ ಮೊದಲು ಹೋಗಿ ದಾರಿ ನೋಡ್ಕೊಂಡು ಬರ್ತಿದ್ರು. ನೀನು ಹೋಗಲ್ಲ ಅಂತ ನಂಬಿಕೆ ಇತ್ತು.”

ನನ್ನನ್ನು ನಂಬಿದ ಒಬ್ಬರು ನಂಬಿದ್ದು ಅದನ್ನು.

ನನಗೆ ಸಿಟ್ಟು ಬಂತು. ಆಮೇಲೆ ಊರು ನನಗೆ ಏನನ್ನುತ್ತಿತ್ತು, ಅಕ್ಕ ಏನನ್ನುತ್ತಿದ್ದಳು, ಬುರುಡೆಯ ಮಾತು ಕಟ್ಟಿಕೊಂಡು ಹೋಗಿ ಸತ್ತ ಅನ್ನುತ್ತಿರಲಿಲ್ಲವೇ ಎಂದು ಕೇಳಿದೆ.

“ಅದನ್ನೂ ಯೋಚನೆ ಮಾಡಿದ್ದೆ. ನಾನೇ ಮಾಡ್ಕೊಂಡೆ ಅಂತಾದ್ರೆ ಅವಳು ಬದುಕಿರೋ ತನಕ ತನ್ನನ್ನೇ ಬೈಕೊಳ್ತಾಳೆ. ನಿನ್ನನ್ನ ಬೈಕೊಂಡ್ರೆ...” ಉಸಿರೆಳೆದುಕೊಂಡರು. “ನಿನಗೆ ಅಭ್ಯಾಸ ಇದೆ.”

ನಾನು ಎದ್ದು, ಜೇಬಿನಿಂದ ಸ್ಪ್ಯಾನರ್ ತೆಗೆದು, ಆ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚತೊಡಗಿದೆ. ಅವರು ತಡೆಯಲಿಲ್ಲ. ತಡೆಯುವ ಶಕ್ತಿ ಅವರಲ್ಲಿರಲಿಲ್ಲ. ನಟ್ಟು ಸಡಿಲವಾಗುವುದನ್ನೇ ನೋಡುತ್ತಿದ್ದರು.

“ಕುರ್ಚೀಲಿ ಅವನನ್ನ ನೀನು ನೋಡಿಲ್ಲ” ಎಂದರು. “ಹದಿನಾಲ್ಕು ತಿಂಗಳು ನೋಡಿದವನು ನಾನು. ಅವನ ಹೆಂಡ್ತಿ ಪಾತ್ರೆ ಹಿಡ್ಕೊಂಡು ನಿಂತಿರ್ತಿದ್ಲು.”

ನಾನು ಇನ್ನೊಂದು ನಟ್ಟನ್ನೂ ಬಿಚ್ಚಿದೆ. ಚಕ್ರ ಕೈಗೆ ಬಂತು. ಚೌಕಟ್ಟು ಮೂಗು ಕೆಳಗೆ ಮಾಡಿ ನೆಲಕ್ಕೆ ಕೂತಿತು.

“ನಿನ್ನ ಅಕ್ಕಂಗೆ ಹೇಳ್ತೀಯಾ?”

“ಇಲ್ಲ.”

“ನಂಬಬಹುದಾ?”

“ಬುರುಡೆ ಮಾತಿಗೆ ಪ್ರಮಾಣ ಎಲ್ಲಿಂದ ತರಲಿ ಭಾವ.”

ಅವರ ಮುಖದಲ್ಲಿ ನಗುವಿನಂಥದ್ದು ಬಂತು, ಅದರ ಹಿಂದೆಯೇ ಕೆಮ್ಮು ಬಂತು. ಮಷಿನ್ನು ನಿಂತಿತು. ಅಕ್ಕ ಕೋಟು ಹಿಡಿದುಕೊಂಡು ಬಂದಳು. ಒಂದು ತೋಳು ಹೊಲಿದಾಗಿತ್ತು, ಇನ್ನೊಂದಕ್ಕೆ ಗುಂಡುಸೂಜಿ. ಭಾವನ ಬೆನ್ನು ನೀವಿ, ಕೆಮ್ಮು ಇಳಿದ ಮೇಲೆ ಕೋಟನ್ನು ಅವರ ಭುಜಕ್ಕೆ ಹಿಡಿದು ಅಳತೆ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಚಕ್ರ ನೋಡಿ ಇದೇನೋ ಎಂದಳು.

“ಭಾನುವಾರ ಹೋಗೋದಿಲ್ಲ ಅಕ್ಕ. ನನಗೆ ಆ ದಾರಿ ಗೊತ್ತಿಲ್ಲ. ಯಾವತ್ತೂ ಹೋಗಿಲ್ಲ. ಎಲ್ಲಾ ಬುರುಡೆ.”

ಅಕ್ಕ ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಗುಂಡುಸೂಜಿಗಳನ್ನು ಒಂದೊಂದಾಗಿ ಸರಿಮಾಡುತ್ತ, ನನ್ನ ಕಡೆ ನೋಡದೆ, ಹಾಗಾದರೆ ದಾರಿ ಗೊತ್ತಿರೋ ಬೇರೆ ಯಾರನ್ನಾದರೂ ಕೇಳೋಣ, ಗಣಿಯಲ್ಲಿ ಯಾರಿಗಾದರೂ ಗೊತ್ತಿರುತ್ತೆ ಎಂದಳು. ಭಾವ ಬೇಡ ಎಂದು ಕೈಯಾಡಿಸಿದರು. “ಅವನ ಜೊತೆ ಆಗಿದ್ರೆ ಹೋಗ್ತಿದ್ದೆ. ಬೇರೆಯವರ ಜೊತೆ ಬೇಡ.”

ಆಗ ಅಕ್ಕ ನನ್ನನ್ನು ನೋಡಿದಳು. “ಇಪ್ಪತ್ತು ವರ್ಷ ಊರಿಗೆಲ್ಲ ಹೇಳ್ಕೊಂಡು ಬಂದೆ. ಒಂದೇ ಒಂದು ದಿನ ಅದನ್ನ ನಿಜ ಮಾಡು ಅಂದ್ರೆ ಚಕ್ರ ಬಿಚ್ಕೊಂಡು ಹೋಗ್ತಿದೀಯಾ?”

ಹೌದಕ್ಕ, ಎಂದೆ. ಚಕ್ರ ಕಂಕುಳಲ್ಲಿಟ್ಟುಕೊಂಡು ಬಂದೆ.

ಆಮೇಲೆ ನಾನು ಹೊಸ ಯೋಜನೆ ಹಾಕದೆ ಇರಲಿಲ್ಲ. ದೊಡ್ಡಿಯ ತನಕ ಮಾತ್ರ, ನಾನು ಪಕ್ಕದಲ್ಲೇ, ಹ್ಯಾಂಡಲ್ಲಿಗೆ ಕೈ ಹಿಡಿದು. ಭಾವ ಹೂಂ ಎಂದರು, ಬೇಡ ಎಂದರು, ಕೊನೆಗೆ ಹೂಂ ಎಂದರು. ಟಿಪ್ಪರ್ ಡ್ರೈವರಿಗೂ ಹೇಳಿದ್ದೆ. ಅಷ್ಟರಲ್ಲಿ ಚಳಿ ಬಂತು, ಒಂದು ಜ್ವರ ಬಂತು, ಜ್ವರ ಹೋಗುವಾಗ ಅವರ ಕಾಲಿನ ಬಲ ತೆಗೆದುಕೊಂಡು ಹೋಯಿತು. ಅವರು ಕುರ್ಚಿಗೆ ಬಂದರು.

ಹನ್ನೊಂದು ತಿಂಗಳು. ಮೇಜು, ದಿಂಬು, ದಿಂಬಿಗೆ ಹಣೆ. ಅಕ್ಕ ನಿಂತು ನಿದ್ದೆ ಮಾಡುವುದನ್ನು ಕಲಿತಳು. ಪ್ರತಿ ಸಂಜೆ ನಾನು ಅಂಗಡಿ ಮುಚ್ಚಿ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಅವರು ಬೆರಳಾಡಿಸಿದರೆ ಬೆಟ್ಟದ ಮೇಲೆ ನಾನು ಕಂಡದ್ದನ್ನು ಹೇಳುತ್ತಿದ್ದೆ. ಒಂದು ಗೆರೆ ಹೆಚ್ಚು ಹೇಳಿದರೂ ಅವರಿಗೆ ಗೊತ್ತಾಗುತ್ತಿತ್ತು. ಬಿರುಕು ಸೊಂಟದ ತನಕ ಎಂದರೆ ಬೆರಳು ಮೇಜಿಗೆ ಬಡಿಯುತ್ತಿತ್ತು, ಮೊಣಕಾಲಿನ ತನಕ ಎಂದು ತಿದ್ದುತ್ತಿದ್ದೆ. ದೊಡ್ಡಿಯ ಹತ್ತಿರ ಬಂದಾಗ ನಿಲ್ಲಿಸಿಬಿಡುತ್ತಿದ್ದೆ. ಅವರು ಕಾಯುತ್ತಿದ್ದರು. ನಾನು ಮುಂದೆ ಹೋಗುತ್ತಿರಲಿಲ್ಲ.

ಎಂಟನೆಯ ತಿಂಗಳಲ್ಲೊಂದು ದಿನ, ಒಂದು ಗಂಟೆ ನಡೆದ ಕೆಮ್ಮಿನ ಮೇಲೆ, ಅಕ್ಕ ಬಟ್ಟೆ ಒಗೆಯಲು ಹೋದಾಗ, ದಿಂಬಿನಿಂದ ತಲೆಯೆತ್ತಿ ನನ್ನನ್ನು ನೋಡಿ, “ನೋಡು” ಎಂದರು. ಅಷ್ಟೇ. ನಾನು ನೋಡಿದೆ.

ಒಳ್ಳೆಯ ದಿನಗಳೂ ಇದ್ದವು. ಒಂದು ಮಧ್ಯಾಹ್ನ ಅಕ್ಕ ಗಿರಾಕಿಯೊಬ್ಬಳ ಜಗಳವನ್ನು ಅಭಿನಯಿಸಿ ತೋರಿಸಿದಾಗ ಭಾವ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಇನ್ನೊಂದು ದಿನ ಕಿಟಕಿಯ ಹತ್ತಿರ ಕುರ್ಚಿ ಎಳೆಸಿಕೊಂಡು, ಬಿಸಿಲಲ್ಲಿ ಅಕ್ಕನ ಕೈ ಹಿಡಿದುಕೊಂಡು ಸಂಜೆಯ ತನಕ ಕೂತಿದ್ದರು. ಅಂಥವು ಎಷ್ಟು ಎಂದು ನಾನು ಲೆಕ್ಕ ಇಟ್ಟಿದ್ದೆ, ಯಾರಾದರೂ ಒಂದು ದಿನ ಕೇಳಿದರೆ ಹೇಳಬೇಕಾಗುತ್ತದೆಂದು. ಆರು. ಏಳು ಎನ್ನಬಹುದು, ಆದರೆ ಏಳನೆಯದು ಸಂಜೆಗೆ ಕೆಟ್ಟಿತು.

ಎಲ್ಲ ಮುಗಿದು ತಿಂಗಳಾದ ಮೇಲೆ ಅಕ್ಕ ಅಂಗಡಿಗೆ ಬಂದಳು. ಕೋಟು ಮಡಿಸಿ ತಂದಿದ್ದಳು. ಎರಡನೆಯ ತೋಳನ್ನೂ ಯಾವಾಗಲೋ ಹೊಲಿದು ಮುಗಿಸಿದ್ದಳು. “ಅವರು ನನ್ನ ಹತ್ತಿರ ಬಾಯಿಬಿಟ್ಟು ಏನೂ ಕೇಳಿದವರಲ್ಲ. ಕೇಳಿದ್ದು ಅದೊಂದೇ. ಕಾಲಲ್ಲಿ ಶಕ್ತಿ ಇದ್ದಾಗ ಮೇಲಕ್ಕೆ ಕರ್ಕೊಂಡು ಹೋಗಬಹುದಿತ್ತು ನೀನು” ಎಂದಳು. ಕೋಟನ್ನು ಟೈರಿನ ಪೆಟ್ಟಿಗೆಯ ಮೇಲಿಟ್ಟಳು. “ನಿನಗೆ ಭುಜ ಹಿಡಿಯುತ್ತೆ. ಆದ್ರೂ ಇಟ್ಕೋ.”

ಹೌದಕ್ಕ, ಎಂದೆ. ಈಗ ಇದನ್ನೆಲ್ಲ ಬರೆದಿಟ್ಟಿದ್ದೇನಲ್ಲ, ಅಕ್ಕನ ಕಣ್ಣಿಗೆ ಬಿದ್ದೀತೆಂಬ ಹೆದರಿಕೆಯಿಲ್ಲ. ಓದಿದರೂ, ತಪ್ಪಿಸಿಕೊಳ್ಳಲು ಸತ್ತವರ ಮೇಲೆ ಕಾಗೆ ಹಾರಿಸುತ್ತಿದ್ದಾನೆ ಎಂದು ಕಾಗದವನ್ನು ಒಲೆಗೆ ಹಾಕುತ್ತಾಳೆ.

ಗೇರ್ ಸೈಕಲ್ಲಿನವರು ಈಗಲೂ ಅಂಗಡಿಗೆ ಬಂದು ಬೆಟ್ಟದ ದಾರಿ ಕೇಳುತ್ತಾರೆ. ದೊಡ್ಡಿಯ ತನಕ ಹೋಗಿ, ಅಲ್ಲಿಂದ ತಿರುಗಿ ಬನ್ನಿ, ಮುಂದೆ ದಾರಿ ಇಲ್ಲ ಎನ್ನುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಮುಂದೆ ಏನಿದೆ ಬುರುಡೆಯಣ್ಣ, ಏಳು ತಲೆಯ ಹಾವೋ ಎನ್ನುತ್ತಾರೆ. ಇಪ್ಪತ್ತು ವರ್ಷ ನಾನೇ ಹೇಳಿದ ಕಥೆ ಊರ ಬಾಯಲ್ಲಿ ಇನ್ನೂ ಓಡಾಡುತ್ತಿದೆ, ಅಂಚಿನ ದಾರಿ, ಎರಡು ಮೈಲಿ, ತುಳಿಯುವುದೇ ಬೇಡ. ಅದನ್ನು ಹಿಡಿದು ನಿಲ್ಲಿಸುವ ಬ್ರೇಕು ನನ್ನಲ್ಲಿಲ್ಲ.

ಅದಕ್ಕೆ ಪ್ರತಿ ಗುರುವಾರ ಅಂಗಡಿಗೆ ಹಲಗೆ ತಗುಲಿಸಿ ಮೇಲಕ್ಕೆ ಹೋಗುತ್ತೇನೆ. ಬಾಗಿದ ಹಳೆಯ ರಿಮ್ಮುಗಳನ್ನು ಟಿಪ್ಪರಿನಲ್ಲಿ ಹಾಕಿಕೊಂಡು, ದೊಡ್ಡಿಯಿಂದಾಚೆಗೆ ಹೊತ್ತುಕೊಂಡು ಇಳಿದು, ಬಂಡೆಯ ತಿರುವಿಗೂ ಮೊದಲೇ ದಾರಿಗೆ ಅಡ್ಡವಾಗಿ ಒಂದಕ್ಕೊಂದು ತಂತಿಯಲ್ಲಿ ಬಿಗಿದು ಬೇಲಿ ಕಟ್ಟುತ್ತಿದ್ದೇನೆ. ಇಲ್ಲಿಯತನಕ ಇನ್ನೂರು ರಿಮ್ಮು ಕಟ್ಟಿದ್ದೇನೆ. ಇಲ್ಲ, ಇಪ್ಪತ್ತಮೂರು. ಮೇಲೆ ಗಾಳಿ ಜೋರು, ಕೋಟು ಹಾಕಿಕೊಂಡೇ ಕೆಲಸ ಮಾಡುತ್ತೇನೆ. ಅಕ್ಕ ಹೇಳಿದ್ದು ಸರಿ, ಭುಜದಲ್ಲಿ ಹಿಡಿಯುತ್ತದೆ.